ಜೇಬಿಗೆ ಬೇಲಿ ಹಾಕುವ ಅಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ ಈ ಹೆಣ್ಣುಮಗಳು ಪರದೆಯ ಮೇಲಿನ ಅಂಗಿಯಿಂದ ಜೇಬನ್ನು ಕಿತ್ತೊಯ್ಯಲು ನೋಡುತ್ತಿದ್ದಾರೆ. ಮೌಸ್‌ನಲ್ಲಿ ಹಿಡಿದು ಕಂಕುಳಿನ ಕಡೆ ಎಳೆಯುತ್ತಾರೆ, ಜೇಬು ಹೊಲಿಗೆಯಂಚಿಗೆ ಬಂದು ನಿಲ್ಲುತ್ತದೆ. ಹೊಟ್ಟೆಯ ಕಡೆ ಜಗ್ಗುತ್ತಾರೆ, ಅಲ್ಲೂ ಒಂದು ಜಾಗ ಬಂದರೆ ಮುಗಿಯಿತು, ಜಪ್ಪಯ್ಯ ಅಂದರೂ ಮುಂದೆ ಹೋಗುವುದಿಲ್ಲ. ಅಷ್ಟಾದ ಮೇಲೆ ಇವರಿಗೆ ಸಮಾಧಾನ. ಪಕ್ಕದಲ್ಲಿದ್ದ ಟೀ ಆಗಲೇ ಆರಿಹೋಗಿದೆ.

ಇವರು ಅಂಗಿ ಹೊಲಿದು ಮನೆಗೆ ಕಳಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಗಿರಾಕಿಗಳು ಕಂಪನಿಯ ವೆಬ್‌ಸೈಟಿಗೆ ಹೋಗಿ, ಅಂಗಿಯ ಚಿತ್ರದ ಮೇಲೆ ಜೇಬು, ಗುಂಡಿಗಳನ್ನು ತಾವೇ ಎಳೆದು ಬೇಕಾದಲ್ಲಿ ಇಡಬಹುದು. ಎಳೆಯಲು ಬಿಡುವುದು ಸುಲಭವಂತೆ, ಎಲ್ಲಿ ತಡೆಯಬೇಕು ಅನ್ನುವುದೇ ತಲೆನೋವು. ಗುಂಡಿ ಮೇಲೆ ಕೆಳಗೆ ಜಾರಬೇಕು, ಅಕ್ಕಪಕ್ಕ ಕದಲಬಾರದು. ಜೇಬಿನ ಒಂದು ಮೂಲೆಯೂ ಅಂಗಿಯಾಚೆ ಇಣುಕಬಾರದು. ಈ ಮಿತಿಗಳನ್ನೆಲ್ಲ ಪ್ರೋಗ್ರಾಮಿನಲ್ಲಿ ಬರೆಯುವವರು ಇವರೊಬ್ಬರೇ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇವರು ‘ಬೇಲಿ ಅಕ್ಕ’.

ದಿನಾ ಸಾವಿರಾರು ಜನ ಎಳೆದಾಡುತ್ತಾರೆ, ಅಲ್ಲೊಂದು ಬೇಲಿಯಿದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೇಜಾರಿಲ್ಲವೇ ಎಂದರೆ ನಗುತ್ತಾರೆ. “ಬೇಲಿ ಕಣ್ಣಿಗೆ ಬಿತ್ತು ಅಂದ್ರೆ ನನ್ನ ಕೆಲಸ ಕೆಟ್ಟಿದೆ ಅಂತಾನೇ ಲೆಕ್ಕ.”

ಈ ವಿದ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಪಕ್ಕದ ಕೋಣೆಯ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಅವರ ಅಪ್ಪ ಮಲಗಿದ್ದಾರೆ. ಒಂದು ಕಾಲಕ್ಕೆ ಆ ಬೀದಿಗೆಲ್ಲ ‘ಮಾಸ್ಟರ್’ ಆಗಿದ್ದ ಟೈಲರ್. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಸಂಜೆ ಮಗಳು ಬಟ್ಟೆಚೂರುಗಳ ರಾಶಿಯ ಮೇಲೆ ಕೂತು, ಇಸ್ತ್ರಿಯ ಬಿಸಿ ವಾಸನೆಯ ನಡುವೆ ಹೋಂವರ್ಕ್ ಬರೆಯುತ್ತಿದ್ದಳು. ‘ನಾಳೆ ಬನ್ನಿ’ ಎಂಬ ಮಾತು ನಂಬಿ ಇಂಥ ಅಂಗಡಿಗಳಿಗೆ ಚಪ್ಪಲಿ ಸವೆಸಿದವರಲ್ಲಿ ನಾನೂ ಒಬ್ಬ. ಆಗ ಬೈದುಕೊಂಡಿದ್ದೆ. ಈಗ ಅಂಥ ಅಂಗಡಿ ಕಂಡರೆ ಸುಮ್ಮನೆ ಹೋಗಿ ನಿಲ್ಲಬೇಕು ಅನಿಸುತ್ತದೆ.

ಮಾಸ್ಟರ್ ಹತ್ತಿರ ಕಾಗದದ ಜೇಬೊಂದು ಇತ್ತು. ಅದನ್ನು ಗಿರಾಕಿಯ ಕೈಗೇ ಕೊಟ್ಟು, ಎದೆಯ ಮೇಲೆ ಇಟ್ಟುಕೊಂಡು ನೋಡಿ ಎನ್ನುತ್ತಿದ್ದರು. ಆತ ತೀರಾ ಕೆಳಗೆ ಜಾರಿಸಿದರೆ ಮಾತಿಲ್ಲದೆ ಅಂಗೈ ಅಡ್ಡ ಇಡುತ್ತಿದ್ದರು. ಅಷ್ಟು ಕೆಳಗಾದರೆ ಬಗ್ಗಿದಾಗ ಪೆನ್ನು ಬೀಳುತ್ತದೆ. “ನಾನು ಬರ್ದಿರೋದು ಅದೇ ಅಂಗೈನ,” ಎನ್ನುತ್ತಾರೆ ಮಗಳು. “ಅಪ್ಪ ಎಲ್ಲೆಲ್ಲಿ ಕೈ ಅಡ್ಡ ಇಡ್ತಿದ್ರೋ, ಅಲ್ಲೆಲ್ಲ ಬೇಲಿ.”

ಒಂದು ಬೇಲಿ ಮಾತ್ರ ಅಪ್ಪನದಲ್ಲ. ಜೇಬು ಎಡ ಎದೆಯಲ್ಲೇ ಇರಬೇಕು, ಗುಂಡಿಸಾಲು ದಾಟಬಾರದು ಎಂದವರು ಕಂಪನಿಯ ಯಜಮಾನರು. ಎಲ್ಲರ ಅಂಗಿಯೂ ಹಾಗೇ ತಾನೇ ಎಂದು ಇವರೂ ಹಾಕಿಬಿಟ್ಟರು.

ಹೋದ ವರ್ಷ ಲಕ್ವ ಹೊಡೆದು ಮಾಸ್ಟರ್‌ಗೆ ಬಲಗೈ ಬಿದ್ದುಹೋಯಿತು. ಎಡಜೇಬಿನ ಕನ್ನಡಕವನ್ನು ಎಡಗೈಯಿಂದಲೇ ತೆಗೆಯುವುದು ದೊಡ್ಡ ಹರಸಾಹಸ. ಪ್ರತಿ ಸಲವೂ ಮಗಳನ್ನೋ ಅಳಿಯನನ್ನೋ ಕೂಗಬೇಕು. ಜೀವಮಾನವಿಡೀ ಊರವರ ಜೇಬು ಹೊಲಿದ ಮನುಷ್ಯ, ತನ್ನ ಜೇಬಿಗೆ ಇನ್ನೊಬ್ಬರ ಕೈ ಹೋಗುವುದನ್ನು ಹೇಗೆ ಸಹಿಸಿಯಾರು? ಕೂಗುವುದನ್ನು ಬಿಟ್ಟರು. ಆಮೇಲೆ ಪೇಪರ್ ಓದುವುದನ್ನೂ ಬಿಟ್ಟರು. ದಿನವಿಡೀ ಗೋಡೆ ನೋಡುತ್ತಾ ಕೂರತೊಡಗಿದರು.

ಒಂದು ಭಾನುವಾರ ಅದೇನು ಅನಿಸಿತೋ, ಮಗಳ ಲ್ಯಾಪ್‌ಟಾಪ್ ಮುಂದೆ ಕೂತು, ಎಡಗೈಯಲ್ಲಿ ಮೌಸ್ ಹಿಡಿದು ತಮಗೊಂದು ಅಂಗಿ ಮಾಡಿಕೊಳ್ಳಲು ಹೊರಟರು. ಜೇಬನ್ನು ಬಲ ಎದೆಗೆ ಎಳೆದರು. ಗುಂಡಿಸಾಲಿನ ಹತ್ತಿರ ನಿಂತಿತು. ಮತ್ತೆ ಎಳೆದರು, ಮತ್ತೆ ನಿಂತಿತು. ಪಾಪ, ಕೈ ನಡುಗುತ್ತಿರಬೇಕು ಎಂದು ಮಗಳು ಸಹಾಯಕ್ಕೆ ಹೋದರೆ, ಮಾಸ್ಟರ್ ಮಗಳ ಕೈಯನ್ನೇ ಸರಿಸಿದರು.

“ಅಲ್ಲಿ ನಾನು ಯಾವತ್ತೂ ಕೈ ಅಡ್ಡ ಇಟ್ಟಿರ್ಲಿಲ್ವಲ್ಲೇ. ಇದನ್ನ ಯಾರ ಹತ್ರ ಕಲ್ತೆ?”

ಮರುದಿನವೇ ಅಕ್ಕ ಯಜಮಾನರ ಮುಂದೆ ಹೋಗಿ ನಿಂತರು. ಎಲ್ಲೋ ಒಬ್ಬರಿಗಾಗಿ ಹೊಲಿಗೆಯ ಕ್ರಮ ಬದಲಿಸುವುದೇ ಎಂದು ಅವರು ಮುಖ ಗಂಟಿಕ್ಕಿದರು. ಇವರೂ ಪಟ್ಟು ಬಿಡಲಿಲ್ಲ. ಬಲಜೇಬಿನ ಅಂಗಿಗಳನ್ನು ಬೇರೆಯಾಗಿ ಒಬ್ಬ ಟೈಲರ್ ಹೊಲಿಯುವುದೆಂದು ಒಪ್ಪಿಸಿದ ಮೇಲೇ ಮನೆಗೆ ಬಂದಿದ್ದು. ಅವತ್ತೇ ಬೇಲಿ ಕಿತ್ತರು. ಈಗ ವಾರಕ್ಕೆ ನಾಲ್ಕೈದು ಅಂಥ ಅಂಗಿಗಳು ಹೋಗುತ್ತವೆ. ಯಾರಿಗೆ ಏನು ಕಷ್ಟವೋ, ಯಾರೂ ಕೇಳುವುದಿಲ್ಲ. “ಅವ್ರೆಲ್ಲ ಇಷ್ಟು ದಿನ ಎಳ್ದು ಎಳ್ದು ಸುಮ್ಮನಾಗಿರ್ತಾರೆ. ಒಬ್ರೂ ದೂರು ಕೊಟ್ಟಿರ್ಲಿಲ್ಲ. ಅದೇ ನೋಡಿ ನನಗೆ ಸಂಕಟ.”

ಅಷ್ಟರಲ್ಲಿ ಬೆಳಕು ಹರಿದಿದೆ. ಮಾಸ್ಟರ್ ಎದ್ದು ಬರುತ್ತಾರೆ. ಮೈಮೇಲೆ ಕಂಪನಿಯಿಂದ ಬಂದ ನೀಲಿ ಅಂಗಿ. ಕುರ್ಚಿಯಲ್ಲಿ ಕೂತು, ಪೇಪರನ್ನು ತೊಡೆಯ ಮೇಲೆ ಹರಡಿಕೊಳ್ಳುತ್ತಾರೆ. ಎಡಗೈಯನ್ನು ಬಲ ಎದೆಗೆ ಒಯ್ದು, ಯಾರನ್ನೂ ಕೂಗದೆ ಕನ್ನಡಕ ತೆಗೆದು ಮೂಗಿಗೇರಿಸುತ್ತಾರೆ. ಮಗಳು ಕೆಲಸ ಮಾಡುವವರಂತೆ ಪರದೆಯ ಕಡೆ ತಿರುಗಿದ್ದಾರೆ, ಆದರೆ ಮೌಸ್ ಅಲುಗುತ್ತಿಲ್ಲ.

ಅಂಗಿ ಹೇಗಿದೆ ಎಂದು ಕೇಳುತ್ತೇನೆ. ಮಾಸ್ಟರ್ ಕಾಲರ್ ಮುಟ್ಟಿ ನೋಡಿ ಮೂಗು ಮುರಿಯುತ್ತಾರೆ. ತೋಳಿನ ಹೊಲಿಗೆಗೂ ಅದೇ ಗತಿ. ಆಮೇಲೆ ಪೇಪರಿನಿಂದ ತಲೆ ಎತ್ತದೆ ಹೇಳುತ್ತಾರೆ, “ಜೇಬು ಮಾತ್ರ ಇರಬೇಕಾದ ಕಡೆ ಇದೆ.”

ಬೇಲಿ ಅಕ್ಕ ನನ್ನ ಕಡೆ ತಿರುಗುತ್ತಾರೆ. ಕಣ್ಣು ತುಂಬಿದೆ, ಆದರೂ ನಗು.

“ಕೇಳಿಸ್ಕೊಂಡ್ರಾ? ನಮ್ಮಪ್ಪ ಇನ್ನೊಬ್ಬರ ಕೆಲಸಾನ ಇಷ್ಟೊಂದು ಹೊಗಳಿದ್ದನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ.”