ತಿಮರೆಯ ರಸ, ಇಲಿಯ ಚರ್ಮ

ಆಗುವ ಹೋಗುವ ಮಾತಲ್ಲ ಎಂದವರು ಕಾರ್ಕಳದ ದೊಡ್ಡ ಮಾವ. "ಬಿಯಸ್ಸಿ ಆಯಿತಲ್ಲ, ನಮ್ಮಲ್ಲಿ ಅಷ್ಟು ಓದಿದವರು ಬೇರೆ ಯಾರುಂಟು? ಇನ್ನು ಮಣಿಪಾಲದಲ್ಲಿ ಎಮ್ಮೆಸ್ಸಿ ಅಂತೆ! ಇಲಿ ಕೊಯ್ಯಲಿಕ್ಕೆ ಇಷ್ಟು ಓದಬೇಕಾ?"

ಇಲಿ ಕೊಯ್ಯುವುದೇನೋ ನಿಜ. ನನ್ನ ಪ್ರಬಂಧ ಒಂದೆಲಗದ ಬಗ್ಗೆ. ನಮ್ಮ ಕಾಪುವಿನಲ್ಲಿ ಅದು ತಿಮರೆ, ತೋಟದಲ್ಲಿ ನೀರು ಹರಿಯುವ ತೋಡಿನ ಬದಿಯಲ್ಲಿ ಹಬ್ಬುವ ಸೊಪ್ಪು. ಚರ್ಮದ ಕೊಬ್ಬು ಹಳಸುವುದನ್ನು ಅದು ತಡೆಯುತ್ತದಾ ಎಂದು ನೋಡಬೇಕಿತ್ತು. ಇಲಿಯ ಚರ್ಮವನ್ನು ಮಂಜುಗಡ್ಡೆಯ ತಂಪಿನಲ್ಲಿ ಅರೆದು, ಸೊಪ್ಪಿನ ರಸ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಬಣ್ಣ ಬರಿಸುವ ಮದ್ದು ಹಾಕಿ ಕುದಿಸುವುದು. ಕೊಬ್ಬು ಹಳಸಿದಷ್ಟೂ ಟ್ಯೂಬಿನಲ್ಲಿ ಗುಲಾಬಿ ಬಣ್ಣ ಗಾಢ. ರಸ ಹಾಕಿದ ಟ್ಯೂಬಿನ ಬಣ್ಣ ತೆಳುವಾದರೆ ತಿಮರೆ ಗೆದ್ದಂತೆ, ನಾನೂ ಗೆದ್ದಂತೆ.

ನನ್ನದು ದಾಸವಾಳದಂತೆ ಕೆಂಪಾಯಿತು. ರಸ ಹಾಕದ ಟ್ಯೂಬಿಗಿಂತಲೂ ಗಾಢ. ಗಾಜು ತೊಳೆದೆ, ಮದ್ದು ಹೊಸದಾಗಿ ಕಲಸಿದೆ, ತಕ್ಕಡಿಗೆ ಬೈದೆ, ಕರೆಂಟಿಗೆ ಬೈದೆ. ಮತ್ತೆ ಕೆಂಪು.

ಗೈಡ್ ಕನ್ನಡಕ ತೆಗೆದರು. "ಎಂತದಮ್ಮ ಇದು? ನಿನ್ನ ಸೊಪ್ಪು ಚರ್ಮ ಕಾಯುವುದಾ, ಕೆಡಿಸುವುದಾ? ಹೀಗಾದರೆ ಪ್ರಬಂಧಕ್ಕೆ ನಾನು ಸಹಿ ಹಾಕುವುದಿಲ್ಲ."

ಸಹಿ ಇಲ್ಲದಿದ್ದರೆ ಪದವಿ ಇಲ್ಲ. ಮಾವನ ನಗು ಊರಿನ ಬಸ್ಸಿನಲ್ಲೇ ಕೇಳಿಸಿತು.

ಆ ಭಾನುವಾರ ಮನೆಗೆ ಹೋದಾಗ ಅಮ್ಮ ಎಂದಿನಂತೆ ನನ್ನ ಪ್ರಯೋಗಕ್ಕೆ ಕಟ್ಟಿಕೊಡಲು ತಿಮರೆ ತೆಗೆಯುತ್ತಿದ್ದರು. ಎಲ್ಲಿಂದ? ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿದ ತಾಮ್ರದ ಕೊಡಪಾನದಿಂದ. ಹಿಂದಿನ ದಿನವೇ ಕೊಯ್ದು ನೀರಿನಲ್ಲಿ ಹಾಕಿಟ್ಟಿದ್ದರು.

"ಅಮ್ಮಾ, ಯಾವಾಗಲೂ ಇದರಲ್ಲೇ ಇಡುವುದಾ?"

"ಮತ್ತೆ? ಕಾಲೇಜಿಗೆ ಹೋಗುವ ಸೊಪ್ಪು, ಪ್ಲಾಸ್ಟಿಕ್ ಬಕೆಟಿನಲ್ಲಿ ಇಡುವುದಾ? ತಾಮ್ರ ಅಂದರೆ ಶುದ್ಧ. ದೇವರ ನೀರು ಇಡುವುದೂ ಅದರಲ್ಲೇ ಅಲ್ವಾ?"

ತಾಮ್ರದ ಸೋಂಕು ಸಾಕು, ಅರೆದ ಚರ್ಮದ ಕೊಬ್ಬು ಇನ್ನೂ ಬೇಗ ಹಳಸುತ್ತದೆ. ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅದನ್ನು ಅಮ್ಮನಿಗೆ ಹೇಳಿದರೆ, "ನಿನ್ನ ಇಲಿಗೆ ತಾಮ್ರ ಆಗದಿದ್ದರೆ ನಾನು ಎಂತ ಮಾಡಲಿ?" ಎಂದು ಒಳಗೆ ಹೋದರು. ಎರಡು ದಿನ ಮಾತು ಬಿಟ್ಟರು.

ತೋಡಿಗೆ ನಾನೇ ಇಳಿದೆ. ಕೊಯ್ದ ಸೊಪ್ಪನ್ನು ಬಾಳೆಲೆಯಲ್ಲಿ ಸುತ್ತಿ ಮಣಿಪಾಲದ ಬಸ್ಸು ಹತ್ತಿದೆ. ಕೊಡಪಾನದ ಸೊಪ್ಪನ್ನೂ ಒಯ್ದು, ಎರಡರ ರಸವನ್ನೂ ಬೇರೆ ಬೇರೆ ಟ್ಯೂಬಿಗೆ ಹಾಕಿ ಒಟ್ಟಿಗೆ ಕುದಿಸಿದೆ. ಕೊಡಪಾನದ್ದು ಕೆಂಪು, ಬಾಳೆಲೆಯದ್ದು ಬಣ್ಣ ಉಂಟೋ ಇಲ್ಲವೋ ಎಂಬಷ್ಟು ತೆಳು. ಗೈಡ್ ಎರಡನ್ನೂ ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಇನ್ನೂ ನಾಲ್ಕು ಸಲ ಮಾಡು" ಎಂದರು. ಮಾಡಿದೆ, ಹಲ್ಲು ಕಚ್ಚಿಕೊಂಡು. ಐದನೆಯದೂ ತೆಳುವೇ ಬಂದ ಮೇಲೆ ಸಹಿ ಹಾಕಿದರು.

ಸರ್ಟಿಫಿಕೇಟ್ ಕೊಡುವ ದಿನ ಅಮ್ಮನೂ ಬಂದಿದ್ದರು, ಮದುವೆಗೆ ಉಡುವ ಸೀರೆಯಲ್ಲಿ. ಕೌಂಟರಿನಲ್ಲಿ ಸಿಕ್ಕಿದ ಕೂಡಲೇ ಅವರ ಕೈಗೆ ಕೊಟ್ಟೆ. ಅವರಿಗೆ ಓದಲು ಬಾರದು. ನನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

ಅಮ್ಮ ಬಗ್ಗಿ ನೋಡಿದರು. "ಇಷ್ಟು ವರ್ಷ ಕಾಯಿಸಿ, ಹೆಸರನ್ನು ಇಷ್ಟು ಸಣ್ಣಕ್ಕೆ ಬರೆಯುವುದಾ ಇವರು?"