ಕೊಬ್ಬರಿ ಎಣ್ಣೆ ಹಾಕಿದ ಅರವತ್ತು ಪಿಸ್ತೂಲು

ಮೊದಲೇ ಹೇಳಿಬಿಡುತ್ತೇನೆ, ಇದು ನಿಜವಾದ ಪಿಸ್ತೂಲಿನ ಕತೆಯಲ್ಲ. ಜಪಾನಿನಲ್ಲಿ ಮಾಮೂಲಿ ಜನಕ್ಕೆ ನಿಜವಾದ ಪಿಸ್ತೂಲು ಕನಸಿನಲ್ಲೂ ಸಿಗುವುದಿಲ್ಲ. ಅದಕ್ಕೇ ನಾವೆಲ್ಲ ಏರ್‌ಸಾಫ್ಟ್ ಆಡುವುದು. ಗ್ಯಾಸ್ ತುಂಬಿದ ಆಟದ ಪಿಸ್ತೂಲು, ಬಟಾಣಿಯಷ್ಟು ಪ್ಲಾಸ್ಟಿಕ್ ಗುಂಡು, ಕಣ್ಣಿಗೆ ಗಾಗಲ್ಸ್, ಭಾನುವಾರ ಚಿಬಾದ ಯಾವುದಾದರೂ ಬಿದಿರು ತೋಪು. ಇಂಥ ಪಿಸ್ತೂಲು ಮಾಡುವ ಒಳ್ಳೊಳ್ಳೆ ಕಂಪನಿಗಳಿವೆ. ಹಿನೋಕಿ ಹಾಬಿ ಅಂತಲೂ ಒಂದಿದೆ.

ಹಿನೋಕಿಯದು ಎಲ್ಲಕ್ಕಿಂತ ಅಗ್ಗ. ಕೈಯಲ್ಲಿ ಹಿಡಿದರೆ ಖಾಲಿ ಶಾಂಪೂ ಬಾಟಲಿ ಹಿಡಿದ ಹಾಗಿರುತ್ತದೆ. ಎರಡನೇ ಭಾನುವಾರಕ್ಕೆ ಮೇಲೆ ಹಿಂದೆಮುಂದೆ ಜಾರುವ ಸ್ಲೈಡು ಸೀಳುತ್ತದೆ, ಮೂರನೆಯದಕ್ಕೆ ಗ್ಯಾಸು ಸೋರುತ್ತದೆ. ರಿಪೇರಿಗೆ ಕಳಿಸಿದರೆ ವಾಪಸ್ ಬರುವ ಡಬ್ಬದಲ್ಲಿ ಒಂದು ಅಚ್ಚಾದ ಕಾರ್ಡು. ಅದರಲ್ಲಿ ಸೊಂಟ ಬಗ್ಗಿಸಿದ ಕರಡಿಮರಿ, ಕೆಳಗೆ ‘ಸುಮಿಮಾಸೆನ್’. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತು ಎಂದು ಒಂದಕ್ಷರ ಇಲ್ಲ. ಬರೀ ಕ್ಷಮಿಸಿ. ಮೈದಾನದಲ್ಲಿ ಆ ಪಿಸ್ತೂಲಿಗೆ ಬಿದ್ದ ಹೆಸರೇ ಸುಮಿಮಾಸೆನ್. ಯಾರದ್ದಾದರೂ ಕೈಕೊಟ್ಟರೆ ಎರಡೂ ತಂಡದವರು ಆಟ ನಿಲ್ಲಿಸಿ, ಬಗ್ಗಿ, ‘ಸುಮಿಮಾಸೇಏನ್’ ಎಂದು ರಾಗ ಎಳೆಯುತ್ತಾರೆ.

ಈ ಕಂಪನಿಯ ರಿಪೇರಿ ಮೇಜು ನಡೆಸುತ್ತಿದ್ದವರು ಉರಯಾಸುವಿನಲ್ಲಿ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ವೇದವಲ್ಲಿ ಆಂಟಿ. ಮೈಸೂರಿನವರು. ಗಂಡ ಚಂದ್ರಮೋಹನ್ ಅಂಕಲ್ ಶಿನಾಗಾವಾದಲ್ಲಿ ಸಾಫ್ಟ್‌ವೇರ್. ಎರಡು ಸಾವಿರದ ಹನ್ನೊಂದು, ಭೂಕಂಪದ ವರ್ಷ, ಅರ್ಧ ಬಿಲ್ಡಿಂಗು ವಿಮಾನ ಹತ್ತಿದಾಗ ಇವರು ಹೋಗಲಿಲ್ಲ. ಹಿನೋಕಿಯಲ್ಲೂ ಕೈಗಳು ಕಡಿಮೆಯಾಗಿದ್ದವು. ಮರುವರ್ಷ ಕೊಂಬಿನಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿ ನೋಡಿ ಡಬ್ಬ ಮಡಚುವ ಕೆಲಸಕ್ಕೆ ಸೇರಿದರು. ಒಂದು ದಿನ ರಿಪೇರಿಯವನು ರಜೆ. ಆಂಟಿ ಸುಮ್ಮನೆ ಒಂದು ಪಿಸ್ತೂಲು ಬಿಚ್ಚಿದರು.

“ಒಳಗೊಂದು ರಬ್ಬರ್ ರಿಂಗು ಕಣೇ. ನೋಡಿದ್ರೆ ನಮ್ಮ ಕುಕ್ಕರ್ ಗ್ಯಾಸ್ಕೆಟ್‌ನ ತಂಗಿ! ಒಣಗಿತ್ತು. ಅದಕ್ಕೆ ಸೋರ್ತಿತ್ತು.”

ಅವತ್ತಿನಿಂದ ಆ ಮೇಜು ಅವರದು. ಬಿಲ್ಡಿಂಗಿನಲ್ಲಿ ಅವರು ಜಾಹ್ನವಿಯ ಅಮ್ಮ, ಚಂದ್ರಮೋಹನ್ ಮಿಸೆಸ್. ಮಗಳಂತೂ ಏನು ಕೇಳಿದರೂ ಜಪಾನೀಸಿನಲ್ಲೇ ಉತ್ತರ ಕೊಡುತ್ತಾಳೆ. ಆ ಮೇಜಿನ ಮುಂದೆ ಕೂತಾಗ ಮಾತ್ರ ಅವರು ವೇದಾ-ಸಾನ್. ವಾರಕ್ಕೆ ಇಪ್ಪತ್ತೆಂಟು ಗಂಟೆ ಕೆಲಸ, ಗಂಡನ ಜೊತೆ ಬಂದವರ ವೀಸಾಕ್ಕೆ ಅಷ್ಟೇ ಅನುಮತಿ. ಪ್ರತಿ ಮಾರ್ಚಿಗೆ ಹೊಸ ಕಾಂಟ್ರ್ಯಾಕ್ಟು. ಫೆಬ್ರವರಿ ಬಂತೆಂದರೆ ಆಂಟಿಗೆ ಊಟ ಸೇರುತ್ತಿರಲಿಲ್ಲ.

ಎರಡು ಸಾವಿರದ ಹದಿನಾರರಲ್ಲಿ ಕಂಪನಿಯ ಯಜಮಾನ ಕುರೊಕಾವಾ-ಸಾನ್‌ಗೆ ಜ್ಞಾನೋದಯವಾಯಿತು, ಹೆಸರು ಸುಧಾರಿಸಬೇಕು ಎಂದು. ಪಿಸ್ತೂಲು ಸುಧಾರಿಸಬಹುದು ಎಂದು ಮಾತ್ರ ಹೊಳೆಯಲಿಲ್ಲ. ಒಬ್ಬ ಕನ್ಸಲ್ಟೆಂಟ್‌ನನ್ನು ಕರೆಸಿದರು. ಬಂದವನು ನಮ್ಮ ಬೆಂಗಳೂರಿನ ಅಜಿತ್, ಟೈ ಕಟ್ಟಿದ ಪವರ್‌ಪಾಯಿಂಟು. ಮೂರು ತಿಂಗಳು ಮೀಟಿಂಗ್ ಮಾಡಿ ಅವನು ಕಂಡುಹಿಡಿದಿದ್ದು ಇಷ್ಟು: ಬಿಳಿ ಡಬ್ಬ ಕಪ್ಪಾಗಬೇಕು, ಮುಚ್ಚಳಕ್ಕೆ ಮ್ಯಾಗ್ನೆಟ್ ಬೇಕು, ಕರಡಿಮರಿಗೆ ಕೂಲಿಂಗ್ ಗ್ಲಾಸ್ ಹಾಕಬೇಕು.

“ಡಬ್ಬ ಚೆನ್ನಾಗಿದೆ ಅಜಿತ್. ಒಳಗಿನ ರಿಂಗು?” ಆಂಟಿ ಕೇಳಿದರಂತೆ.

“ಮೇಡಂ, ಅದು ಪ್ರಾಡಕ್ಟು. ನಾನ್ ಮಾತಾಡ್ತಿರೋದು ರೆಪ್ಯುಟೇಶನ್.”

“ಎರಡೂ ಬೇರೆ ಬೇರೆ ಬಿಲ್ಡಿಂಗಲ್ಲಿ ಇರತ್ತೇನಪ್ಪಾ?”

ಅಜಿತನ ಮಹಾ ಐಡಿಯಾ ಇನ್ನೊಂದಿತ್ತು. ಜನವರಿಯಲ್ಲಿ ಚಿಬಾದ ದೊಡ್ಡ ಮೈದಾನದಲ್ಲಿ ಅರವತ್ತು ಆಟಗಾರರಿಗೆ ಅರವತ್ತು ಹೊಸ ಪಿಸ್ತೂಲು ಪುಕ್ಕಟೆ. ಅವನ್ನು ಸೆಪ್ಟೆಂಬರಿನಲ್ಲೇ ಆಂಟಿ ಬಿಚ್ಚಿ, ಎಣ್ಣೆ ಹಾಕಿ, ಜೋಡಿಸಿ ಕೊಡಬೇಕಿತ್ತು. ನಡುವೆ ಸಿಲಿಕಾನ್ ಎಣ್ಣೆ ಮುಗಿಯಿತು. ಚೀಟಿ ಬರೆದು ಕೊಟ್ಟು ಹತ್ತು ದಿನವಾದರೂ ಯಾರೂ ತರಿಸಲಿಲ್ಲ. ಡಬ್ಬದ ಕಪ್ಪು ಎಷ್ಟು ಕಪ್ಪಿರಬೇಕು ಎಂದು ಎಲ್ಲರೂ ಮೀಟಿಂಗಿನಲ್ಲಿದ್ದರು. ಆಂಟಿಯ ಬ್ಯಾಗಿನಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇತ್ತು. ಒಂದು ಪಿಸ್ತೂಲಿಗೆ ಹಾಕಿ ನೋಡಿದರು. ಬೆಣ್ಣೆಯ ಹಾಗೆ ಓಡಿತು. ಅರವತ್ತಕ್ಕೂ ಹಾಕಿದರು. ಡಿಸೆಂಬರಿನಲ್ಲಿ ಇನ್ನೊಮ್ಮೆ ಹೊಡೆದು ನೋಡೋಣ ಎಂದು ಕೇಳಿದರೆ, ಡಬ್ಬದ ಚಿನ್ನದ ಸ್ಟಿಕ್ಕರ್ ಹರಿದುಹೋಗುತ್ತದೆ, ಬೇಡ ಎಂದ ಅಜಿತ್.

ಆ ದಿನ ನಾಲ್ಕು ಡಿಗ್ರಿ ಚಳಿ. ನಾನೂ ಆಡಲು ಹೋಗಿದ್ದೆ, ಆಂಟಿ ಕಂಪನಿಯ ಟೆಂಟಿನಲ್ಲಿದ್ದರು. ಅಜಿತ್ ಮೈಕ್ ಹಿಡಿದು ಹೊಸ ಯುಗ, ಹೊಸ ಹಿನೋಕಿ ಎಂದೆಲ್ಲ ಕೂಗಿದ. ಸೀಟಿ ಊದಿದರು. ಅರವತ್ತು ಜನ ಟ್ರಿಗರ್ ಒತ್ತಿದರು. ಏನೂ ಇಲ್ಲ. ಒಂದು ಗುಂಡೂ ಹಾರಲಿಲ್ಲ. ಒಂದು ಕ್ಷಣ ಕಾಗೆ ಕೂಗುವುದು ಕೇಳಿಸಿತು, ಆಮೇಲೆ ಅರವತ್ತು ಸೊಂಟ ಒಟ್ಟಿಗೆ ಬಗ್ಗಿದವು. ಇಷ್ಟು ಅದ್ಭುತವಾದ ‘ಸುಮಿಮಾಸೇಏನ್’ ನಾನು ಜನ್ಮದಲ್ಲಿ ಕೇಳಿಲ್ಲ.

ಕುರೊಕಾವಾ-ಸಾನ್ ಮೈಕ್ ಕಿತ್ತುಕೊಂಡು, ಚಳಿಗೆ ಗ್ಯಾಸ್ ಪಿಸ್ತೂಲು ಮಂಕಾಗುತ್ತದೆ, ತಮಗೆಲ್ಲ ತಿಳಿದದ್ದೇ ಎಂದರು. ನಿಜ, ಎಲ್ಲ ಕಂಪನಿಯದೂ ಮಂಕಾಗುತ್ತದೆ. ಜನ ನಂಬಿದರು. ನಾನೂ ನಂಬಿದೆ. ಆಂಟಿ ಮಾತ್ರ ಟೆಂಟಿನ ಹಿಂದೆ ಒಂದನ್ನು ಬಿಚ್ಚಿದರು. ಒಳಗೆಲ್ಲ ಬೆಳ್ಳಗೆ ಮೇಣದ ಹಾಗೆ ಗಟ್ಟಿಯಾಗಿತ್ತು. ಮೂಸಿ ನೋಡಿ ನನ್ನ ಮೂಗಿಗೂ ಹಿಡಿದರು.

“ಹೆಪ್ಪುಗಟ್ಟಿದೆ ಕಣೇ. ಮೈಸೂರಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲೀನ ಬಿಸಿಲಲ್ಲಿ ಇಡ್ತಿದ್ವಲ್ಲ, ನನ್ನ ಬುದ್ಧಿಗೆ ಏನಾಗಿತ್ತು?”

ಅಜಿತ್ ಓಡಿ ಬಂದ. “ಮೇಡಂ ಪ್ಲೀಸ್, ಚಳಿ ಅಂದ್ರೆ ಮುಗೀತು. ಯಾರಿಗೂ ಗೊತ್ತಾಗಲ್ಲ. ಮಾರ್ಚಲ್ಲಿ ನಿಮ್ಮ ಕಾಂಟ್ರ್ಯಾಕ್ಟ್ ಬೇರೆ ಇದೆ.”

ಆಂಟಿ ಮೈದಾನದ ಕಡೆ ತಿರುಗಿದರು. ಹೊರಗೆ ಜನ ತಂತಮ್ಮ ಹಳೇ ಬ್ಯಾಟರಿ ಪಿಸ್ತೂಲು ತೆಗೆದು ಆಟ ಶುರು ಮಾಡಿದ್ದರು. ಬಿದಿರ ಮರೆಯಲ್ಲಿ ಒಬ್ಬನ ಬೆನ್ನಿಗೆ ಗುಂಡು ತಗುಲಿತು. ಅವನು ತಾನಾಗಿ ಕೈ ಎತ್ತಿ “ಹಿಟ್ಟೋ!”, ಅಂದರೆ ಗುಂಡು ತಗುಲಿತು, ಎಂದು ಕೂಗಿ ಆಚೆ ನಡೆದ.

“ಯಾರೂ ನೋಡ್ಲಿಲ್ವಲ್ಲೇ. ಯಾಕೆ ಒಪ್ಕೊಂಡ?”

“ಅದೇ ರೂಲು ಆಂಟಿ. ತಗುಲಿದೋರೇ ಹೇಳ್ಬೇಕು. ಹೇಳ್ದೆ ಆಡೋರಿಗೆ ಝೋಂಬಿ ಅಂತೀವಿ. ಆಮೇಲೆ ಯಾರೂ ಆಟಕ್ಕೆ ಸೇರ್ಸಲ್ಲ.”

“ಕುರೊಕಾವಾ-ಸಾನ್‌ಗೆ ಈ ರೂಲು ಗೊತ್ತಾ?”

“ಅವ್ರು ಆಡಲ್ಲ ಆಂಟಿ. ಮಾರ್ತಾರೆ ಅಷ್ಟೇ.”

ಅರವತ್ತೂ ಪಿಸ್ತೂಲು ರಿಪೇರಿಗೆ ಬಂದವು. ಆಂಟಿ ಒಂದೊಂದನ್ನೂ ತೊಳೆದು, ಸರಿಯಾದ ಎಣ್ಣೆ ಹಾಕಿ, ಕರಡಿ ಕಾರ್ಡು ಪಕ್ಕಕ್ಕಿಟ್ಟು ಕೈಯಲ್ಲಿ ಬರೆದರು. ಅವರ ಜಪಾನೀಸ್ ಅಕ್ಷರ ಎರಡನೇ ಕ್ಲಾಸಿನ ಮಕ್ಕಳದ್ದರ ಹಾಗೆ ದಪ್ಪದಪ್ಪ. ‘ತಪ್ಪು ಚಳಿಯದಲ್ಲ, ನನ್ನದು. ನಾನು ಕೊಬ್ಬರಿ ಎಣ್ಣೆ ಹಾಕಿದೆ. ಇಪ್ಪತ್ನಾಲ್ಕು ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಈಗ ತೆಗೆದಿದ್ದೇನೆ. ರಿಪೇರಿ, ವೇದಾ.’

ಯಾರೋ ಅದರ ಫೋಟೋ ನೆಟ್ಟಿನಲ್ಲಿ ಹಾಕಿದರು. ಕುರೊಕಾವಾ-ಸಾನ್ ಕರೆಸಿ ತುಂಬ ಮರ್ಯಾದೆಯಿಂದ ಕೇಳಿದರು, “ವೇದಾ-ಸಾನ್, ಇಷ್ಟು ವಿವರ ಬೇಕಿತ್ತೇ?”

“ಬೇಕಿತ್ತು. ಇಲ್ಲದಿದ್ದರೆ ಮುಂದಿನ ಚಳಿಗಾಲಕ್ಕೂ ಅವರು ಈ ಪಿಸ್ತೂಲು ಮುಟ್ಟಲ್ಲ.”

ಮರುದಿನ ಆಂಟಿಯನ್ನು ಮತ್ತೆ ಡಬ್ಬ ಮಡಚಲು ಕೂರಿಸಿದರು.

ಮೈದಾನದಲ್ಲಿ ಮಾತ್ರ ಬೇರೆಯೇ ನಡೆಯಿತು. ಜನ ಬಿದ್ದು ಬಿದ್ದು ನಕ್ಕರು, ಕಾರ್ಡು ಮೂಸಿ ನೋಡಿದರು, ಆಮೇಲೆ ನಗು ನಿಲ್ಲಿಸಿ ಹೇಳಿದರು, ಹಿನೋಕಿಯವರು ಕಾರಣ ಹೇಳಿದ್ದು ಇದೇ ಮೊದಲು. ಕಂಪನಿಗೆ ಪತ್ರಗಳು ಬರತೊಡಗಿದವು: ನನ್ನದನ್ನು ವೇದಾ-ಸಾನ್ ನೋಡಲಿ.

ಮಾರ್ಚಿನಲ್ಲಿ ಅಜಿತ್ ಹಲ್ಲು ಕಿರಿಯುತ್ತಾ ಬಂದ. ಒಂದು ಕೈಯಲ್ಲಿ ಹೊಸ ಕಾಂಟ್ರ್ಯಾಕ್ಟು, ರಿಪೇರಿ ಮೇಜಿಗೇ. ಇನ್ನೊಂದು ಕೈಯಲ್ಲಿ ಆಂಟಿಯ ಅಕ್ಷರದಲ್ಲೇ ಅಚ್ಚು ಹಾಕಿಸಿದ ಕಾರ್ಡು: ‘ನಾನೇ ಬಿಚ್ಚಿ ನೋಡಿದ್ದೇನೆ, ವೇದಾ.’

“ಐದು ಸಾವಿರ ಪ್ರಿಂಟು ಮೇಡಂ, ಡಬ್ಬಕ್ಕೊಂದು. ನೀವು ವೈರಲ್ ಆಗಿದ್ದೀರ! ಎರಡಕ್ಕೂ ಒಂದೊಂದು ಸೈನು.”

“ಇದ್ರಲ್ಲಿ ನಾನು ನಿಜವಾಗ್ಲೂ ನೋಡೋದು ಎಷ್ಟು?”

“ಕಾನ್ಸೆಪ್ಟ್ ಪ್ರಕಾರ ಎಲ್ಲಾನೂ.”

ಆಂಟಿ ಕುರೊಕಾವಾ-ಸಾನ್ ಕಡೆ ತಿರುಗಿದರು. “ದಿನಕ್ಕೆ ಇಪ್ಪತ್ತು ಬಿಚ್ಚಬಲ್ಲೆ. ಆ ಇಪ್ಪತ್ತಕ್ಕೆ ನನ್ನ ಹೆಸರು ಹಾಕಿ. ಮಿಕ್ಕಿದ್ದಕ್ಕೆ ಕರಡಿ ಇರಲಿ.”

ಕುರೊಕಾವಾ-ಸಾನ್ ಹಲ್ಲಿನ ಸಂದಿಯಿಂದ ಉದ್ದಕ್ಕೆ ಗಾಳಿ ಎಳೆದುಕೊಂಡು “ಸೋ ದೆಸು ನೇ...” ಎಂದರು. ಮಾತಿಗೆ ಅದು ‘ಹೌದಲ್ಲವೇ’, ಆದರೆ ಇಲ್ಲಿ ಒಂದು ವರ್ಷ ಇದ್ದವರಿಗೂ ಗೊತ್ತು, ಆ ಸದ್ದಿನ ಅರ್ಥ ‘ಆಗುವುದಿಲ್ಲ’ ಎಂದೇ.

“ಐದು ಸಾವಿರ ಝೋಂಬಿಗೆ ನಾನ್ ಸೈನ್ ಹಾಕಲ್ಲ ಅಜಿತ್,” ಎಂದು ಆಂಟಿ ಎರಡೂ ಕಾಗದ ಅಲ್ಲೇ ಬಿಟ್ಟರು. ಮನೆಯಿಂದ ತಂದಿದ್ದ ಸ್ಕ್ರೂಡ್ರೈವರು ಬ್ಯಾಗಿಗೆ ಹಾಕಿಕೊಂಡು ಎದ್ದರು. ಐದು ವರ್ಷದ ಮೇಜು. ಅವತ್ತು ಟ್ರೈನಿನಲ್ಲಿ ಅತ್ತರಂತೆ, ಪಕ್ಕದವರಿಗೆ ಕಾಣದಂತೆ ಮಾಸ್ಕ್ ಮೇಲೆಳೆದುಕೊಂಡು.

ಹಿನೋಕಿಯವರು ಕೂಲಿಂಗ್ ಗ್ಲಾಸಿನ ಕರಡಿಯನ್ನೇ ಅಚ್ಚು ಹಾಕಿಸಿದರು. ಅಜಿತ್ ಮುಂದಿನ ಕಂಪನಿಯ ಹೆಸರು ಉದ್ಧಾರ ಮಾಡಲು ಹೋದನಂತೆ, ಆ ಕಂಪನಿಯನ್ನು ದೇವರೇ ಕಾಪಾಡಬೇಕು.

ಏಪ್ರಿಲಿನ ಮೊದಲ ಭಾನುವಾರ ಮೈದಾನದವರು ಟಾರ್ಪಾಲಿನ ಕೆಳಗೆ ಒಂದು ಮೇಜು ಹಾಕಿ ಆಂಟಿಯನ್ನು ಕರೆದರು. ಸಂಬಳವಿಲ್ಲ, ಚಹಾ ಉಂಟು. ನಾವು ಹೋಗುವಷ್ಟರಲ್ಲಿ ಒಂಬತ್ತು ಜನ ಸಾಲು ನಿಂತಿದ್ದರು. ಮೊದಲನೆಯವನ ಕೈಯಲ್ಲಿ ಹಿನೋಕಿ, ಸ್ಲೈಡು ಉದ್ದಕ್ಕೂ ಸೀಳಿತ್ತು. ಆಂಟಿ ಬೆಳಕಿಗೆ ಹಿಡಿದು ಎರಡು ಕಡೆಯೂ ನೋಡಿದರು.

“ವೇದಾ-ಸಾನ್, ಏನಾಗಿದೆ?”

“ಇದು ರಿಪೇರಿ ಆಗೋದಿಲ್ಲ. ಪ್ಲಾಸ್ಟಿಕ್ಕೇ ಕಳಪೆ.”

ಅವನು ಪಿಸ್ತೂಲನ್ನು ಎರಡೂ ಕೈಯಲ್ಲಿ ವಾಪಸ್ ತೆಗೆದುಕೊಂಡ. ಸೊಂಟ ಬಗ್ಗಿಸಿದ, ಈ ಸಲ ಗೇಲಿಗಲ್ಲ. “ಅರಿಗಾತೋ ಗೊಝಾಯಿಮಾಸು,” ಎಂದು ಧನ್ಯವಾದ ಹೇಳಿದ.