ಲಟ್ಟಣಿಗೆ ತಿರುಗಿದರೆ ನೀರು

ನಮ್ಮ ಮನೆಯ ಲಟ್ಟಣಿಗೆಯನ್ನು ಗಾಲ್ಫ್ ಮೈದಾನದವರು ಇಟ್ಟುಕೊಂಡರು, ವಾಪಸು ಕೊಡಲಿಲ್ಲ. ಹೀಗೆಂದರೆ ಕೇಳಿದವರು ನಗುತ್ತಾರೆ. ನಗಲಿ. ಬೀದರ್ ಕಡೆಯ ನನ್ನ ತವರಿನಿಂದ ಮದುವೆಯ ಪಾತ್ರೆಗಳ ಜೊತೆ ಬಂದ ಶೀಸಂ ಮರದ ಲಟ್ಟಣಿಗೆ ಅದು. ಚಪಾತಿ ಲಟ್ಟಿಸಲು ಬಂದದ್ದು ನಾಸಿಕದಲ್ಲಿ ಸಾಹೇಬರ ಹುಲ್ಲಿಗೆ ನೀರು ಬಿಡುವ ಯಂತ್ರವಾಯಿತು. ಸಿಟ್ಟು ಇಳಿದ ಮೇಲೆ ಇದನ್ನೆಲ್ಲ ಬರೆಯೋಣ ಎಂದು ಬಹಳ ಕಾಲ ಕಾದೆ. ಇಳಿಯುವ ಲಕ್ಷಣ ಕಾಣದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮವರು ನಾಸಿಕಕ್ಕೆ ಸೇರಿದ ಸಾತಪುರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ಬರೆಯಲೂ ಕೈ ಬಾರದು, ಹಾಗಾಗಿ ನಮ್ಮವರು ಎಂದೇ ಇರಲಿ. ಒಂದು ದಿನ ಕೆಟ್ಟು ನಿಂತಿದ್ದ, ತಗಡು ಒತ್ತುವ ಪ್ರೆಸ್ಸಿನೊಳಗೆ ಕೈ ಹಾಕಿ ತಂತಿ ಜೋಡಿಸುತ್ತಿದ್ದಾಗ, ಯಾರೋ ನೋಡದೆ ಸ್ವಿಚ್ಚು ಒತ್ತಿಬಿಟ್ಟರು. ಬಲಗೈಯ ನಾಲ್ಕು ಬೆರಳು ಹೋದವು, ಹೆಬ್ಬೆಟ್ಟು ಉಳಿಯಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವರು ಮೊದಲು ಕೇಳಿದ್ದು, ಪ್ರೆಸ್ಸು ಸರಿಹೋಯಿತೇ ಎಂದು. ನನಗೆ ಅಳು ಬರುವ ಬದಲು ಮೈ ಉರಿಯಿತು.

ಕಾರ್ಖಾನೆಯ ದೊಡ್ಡ ಸಾಹೇಬರು ಕೆಟ್ಟವರೇನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕೈ ಹೋದವನನ್ನು ಮನೆಗೆ ಕಳಿಸದೆ, ಗೇಟಿನಲ್ಲಿ ಕಾವಲಿಗೆ ಕೂಡಿಸುತ್ತೇನೆ ಎಂದರು. ಆಗಿನ ಔರಂಗಾಬಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಾವನವರು, ಅಂದರೆ ನಮ್ಮವರ ಅಣ್ಣ, ರೈಲು ಹತ್ತಿ ಬಂದು ತಮ್ಮನ ಪಕ್ಕದಲ್ಲಿ ಕೂತು, "ಬಾರಪಾ, ನನ್ ಅಂಗಡ್ಯಾಗ ಗಾದಿ ಮ್ಯಾಲ ಕೂಡು. ಕೂತ್ ಉಣ್ಣಾಕ ನಿನಗೇನ್ ಕಮ್ಮಿ ಆಗ್ಯದ?" ಎಂದರು. ನಮ್ಮವರು ಗೋಡೆಯ ಕಡೆ ಮುಖ ತಿರುಗಿಸಿದರು. ಅವರಿಗೆ ಕೂತು ಉಣ್ಣುವುದು ಬೇಕಿರಲಿಲ್ಲ. ಟೆಸ್ಟರು ಜೇಬಿನಲ್ಲಿಟ್ಟುಕೊಂಡು ಎಲೆಕ್ಟ್ರಿಷಿಯನ್ ಅನ್ನಿಸಿಕೊಂಡೇ ಕಾರ್ಖಾನೆಯೊಳಗೆ ಹೋಗಬೇಕಿತ್ತು. ಅದೊಂದು ಹೋದರೆ ತಾನು ಹೋದ ಹಾಗೆ ಎಂದು ಅವರು ತಿಳಿದಿದ್ದರು. ಗಂಡಸರ ಈ ಹಟ ಮೂರ್ಖತನ ಎಂದು ಆಗ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಅದೇ ಹೊತ್ತಿಗೆ ದೊಡ್ಡ ಸಾಹೇಬರಿಗೆ ಗಾಲ್ಫ್ ಮೈದಾನದ ಚಿಂತೆ ಹತ್ತಿತ್ತು. ಊರಾಚೆ, ದೇವಳಾಲಿಯ ಮಿಲಿಟರಿ ಕ್ಯಾಂಪಿಗೆ ಹೋಗುವ ದಾರಿಯಲ್ಲಿ, ಸಾಹೇಬರುಗಳು ಸೇರಿ ಮಾಡಿಕೊಂಡ ಮೈದಾನ. ಒಂಬತ್ತು ಕುಳಿ, ಕುಳಿಯ ಸುತ್ತ ಕಂಬಳಿ ಹಾಸಿದಂಥ ಹುಲ್ಲು. ಆ ವರ್ಷ ಮಳೆ ಕೈಕೊಟ್ಟಿತ್ತು. ನಾವಿದ್ದ ಸಾಲುಮನೆಗಳ ಚಾಳಿನ ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಕೊಡಗಳ ಸಾಲು ಬಿಸಿಲಿನಲ್ಲಿ ಕಾಯುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವುದು ಇಂಥದಕ್ಕೇ ಇರಬೇಕು. ಮೈದಾನದ ಬಾವಿಯಲ್ಲೂ ನೀರು ತಳ ಕಂಡಿತ್ತು. ಮಾಳಿ, ಅಂದರೆ ಅಲ್ಲಿನ ತೋಟಗಾರ, ರಬ್ಬರು ಪೈಪು ಎಳೆದಾಡಿ ಹಾಕುವ ನೀರು ಅರ್ಧಕ್ಕರ್ಧ ಪೋಲಾಗುತ್ತದೆ, ವಿದೇಶದಲ್ಲಿ ಒಂದೇ ಪೆಟ್ಟಿಗೆ ಇಡೀ ಮೈದಾನಕ್ಕೆ ಅಳೆದು ನೀರು ಬಿಡುತ್ತದೆ ಎಂದು ಸಾಹೇಬರು ಹೇಳುತ್ತಿದ್ದರು. ಕರೆಂಟಿನಿಂದ ತೆರೆದುಕೊಳ್ಳುವ ವಾಲ್ವುಗಳನ್ನು ಹೇಗೋ ತರಿಸಿದ್ದರು. ಅವನ್ನು ಆಳುವ ಪೆಟ್ಟಿಗೆ ಮಾತ್ರ ಸಿಕ್ಕಿರಲಿಲ್ಲ.

ನಮ್ಮವರು ಹೋಗಿ, ನಾನು ಮಾಡಿಕೊಡುತ್ತೇನೆ ಎಂದರು. ಯಂತ್ರ ನಡೆದರೆ ಎಲೆಕ್ಟ್ರಿಕಲ್ ಸೆಕ್ಷನ್ನಿಗೆ ಮರಳಿ ತೆಗೆದುಕೊಳ್ಳಬೇಕು ಎಂದೂ ಕೇಳಿದರು. ಸಾಹೇಬರು, "ಪೆಹಲೆ ಚಲಾಕೆ ತೊ ದಿಖಾವೋ" ಎಂದರಂತೆ. ಮೊದಲು ನಡೆಸಿ ತೋರಿಸು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ನಮ್ಮವರು ಅದನ್ನೇ ಹೂಂ ಎಂದುಕೊಂಡು ಮನೆಗೆ ಬಂದರು.

ಯಂತ್ರಕ್ಕೆ ಬೇಕಾದ ಗಡಿಯಾರ ಔರಂಗಾಬಾದಿನ ಗುಜರಿಯಿಂದ ಬಂತು. ಸಿನಿಮಾ ಟಾಕೀಸಿನವರು ತೆಗೆದು ಹಾಕಿದ್ದ, ಕರೆಂಟಿನ ಮೇಲೆ ನಡೆಯುವ ದೊಡ್ಡ ಗೋಡೆ ಗಡಿಯಾರ. ಗೊಣಗುತ್ತಲೇ ಭಾವನವರು ಅದನ್ನು ಕಳಿಸಿಕೊಟ್ಟರು. ಸಣ್ಣ ಮುಳ್ಳು ಐದಕ್ಕೆ ಬಂದಾಗ ಒಂದು ತಂತಿಗೆ ತಾಗಿ ಮೋಟಾರು ಶುರುವಾಗಬೇಕು, ಬೆಳಗಿನ ಐದಕ್ಕೊಮ್ಮೆ, ಸಂಜೆಯ ಐದಕ್ಕೊಮ್ಮೆ. ಆ ಮೋಟಾರು ಒಂದು ಉರುಳೆಯನ್ನು ಬಹಳ ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಉರುಳೆಯ ಮೇಲೆ ಹಿತ್ತಾಳೆ ರೇಕಿನ ಪಟ್ಟಿಗಳು, ಒಂದೊಂದು ಕುಳಿಗೆ ಒಂದೊಂದು. ಪಟ್ಟಿ ತಂತಿಗೆ ತಾಗಿರುವಷ್ಟು ಹೊತ್ತು ಆ ಕುಳಿಯ ವಾಲ್ವು ತೆರೆದಿರುತ್ತದೆ. ಪಟ್ಟಿ ಉದ್ದವಾದರೆ ಹೆಚ್ಚು ನೀರು, ಗಿಡ್ಡವಾದರೆ ಕಡಿಮೆ. ಹೆಚ್ಚೇನಿಲ್ಲ, ಇಷ್ಟೇ. ಉರುಳೆ ಎಲ್ಲಿಂದ ತರುವುದೆಂದು ನಮ್ಮವರು ಯೋಚಿಸುತ್ತಿದ್ದಾಗ ನಾನು ಹಿಟ್ಟು ಮೆತ್ತಿದ ಲಟ್ಟಣಿಗೆಯನ್ನು ತೊಳೆದು ಮುಂದಿಟ್ಟೆ. "ಹುಚ್ಚಿ" ಎಂದು ನಕ್ಕರು. ಕೈ ಹೋದ ಮೇಲೆ ಅವರು ನಕ್ಕದ್ದನ್ನು ಅವತ್ತೇ ನೋಡಿದ್ದು.

ಅವರ ಎಡಗೈಗೆ ಸ್ಕ್ರೂ ಡ್ರೈವರ್ ಒಗ್ಗಲಿಲ್ಲ. ಬಲಗೈಯ ಹೆಬ್ಬೆಟ್ಟು ಒಂಟಿಯಾಗಿ ಏನನ್ನೂ ಹಿಡಿಯದು. ಒಂದು ದಿನ ಸಿಟ್ಟಿನಲ್ಲಿ ಇಡೀ ಪೆಟ್ಟಿಗೆಯನ್ನು ಗೋಡೆಗೆ ಎಸೆಯಲು ಹೋದರು. ನಾನು ಕಸಿದುಕೊಂಡು, "ಬಾಯಿಲೆ ಹೇಳ್ರಿ, ನಾ ಮಾಡ್ತೀನಿ. ಬಾಯರ ನೆಟ್ಟಗದ ಅಲ್ರಿ?" ಎಂದೆ. ಅಂದಿನಿಂದ ಅವರು ಹೇಳುವುದು, ನಾನು ಮಾಡುವುದು. ಮನೆಯಲ್ಲಿ ಅಕ್ಕಪಕ್ಕದವರ ಜಂಪರು ಹೊಲಿಯುತ್ತಿದ್ದೆ, ಕತ್ತರಿ ನನ್ನ ಮಾತು ಕೇಳುತ್ತಿತ್ತು. ಹೊಲಿಗೆಯ ಟೇಪು ಹಿಡಿದು ಲಟ್ಟಣಿಗೆಯ ಸುತ್ತಳತೆ ತೆಗೆದೆ, ಅವರು ಲೆಕ್ಕ ಹಾಕಿದರು, ನಾನು ರೇಕು ಕತ್ತರಿಸಿ ಸಣ್ಣ ಮೊಳೆ ಹೊಡೆದೆ. ವಾಲ್ವಿನ ಬದಲಿಗೆ ಟಾರ್ಚಿನ ಬಲ್ಬುಗಳನ್ನು ಕಟ್ಟಿ ನೋಡಿದೆವು. ಒಂದು ಆರಿದ ಮೇಲೆ ಇನ್ನೊಂದು ಹತ್ತಬೇಕು. ಬಾವಿಯ ಪಂಪಿಗೆ ಒಂದೇ ವಾಲ್ವಿನ ಶಕ್ತಿ, ಎರಡು ಕೂಡಿ ತೆರೆದರೆ ಎರಡರಲ್ಲೂ ನೀರು ಏಳುವುದಿಲ್ಲ. ನಮ್ಮ ಬಲ್ಬುಗಳು ಸರದಿ ತಪ್ಪದೆ ಹತ್ತಿ ಆರಿದವು.

ಪೆಟ್ಟಿಗೆಯನ್ನು ಮೈದಾನದ ಪಂಪ್ ಮನೆಯ ಗೋಡೆಗೆ ಕೂಡಿಸುವಾಗ ಮಾಳಿ ಕೂಡ ಕೈಜೋಡಿಸಿದ. ಪಂಪ್ ಮನೆಗೆ ಹತ್ತಿದ ತಗಡಿನ ಖೋಲಿಯಲ್ಲೇ ಅವನ ಸಂಸಾರ. ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ. ಪಂಪಿನಿಂದ ತೊಟ್ಟಿಕ್ಕುವ ನೀರಿಗೆ ಕೊತ್ತಂಬರಿ ಹಾಕಿದ್ದ, ನಾನು ಬುತ್ತಿ ತಂದಾಗಲೆಲ್ಲ ಒಂದು ಹಿಡಿ ಕಿತ್ತು ಕೊಡುತ್ತಿದ್ದ. ಇನ್ನು ಪೈಪು ಎಳೆಯುವುದು ತಪ್ಪಿತು, ಸೊಂಟಕ್ಕೆ ಆರಾಮಾಯಿತು ಎಂದು ಅವನಿಗೆ ಖುಷಿ. ನಮಗೂ ಅದು ಹಾಗೆಯೇ ಅನ್ನಿಸಿತ್ತು. ಪೈಪು ಎಳೆಯುವುದು ತಪ್ಪಿದರೆ ಅವನಿಗೆ ಅಲ್ಲೇನು ಕೆಲಸ ಎಂದು ನಾವು ಯಾರೂ ಯೋಚಿಸಲಿಲ್ಲ.

ನಡೆಸಿ ತೋರಿಸುವ ದಿನ ಬೆಳಿಗ್ಗೆ ಸಾಹೇಬರಿಂದ ಹೇಳಿಕೆ ಬಂತು. ಸಂಜೆ ಅತಿಥಿಗಳು ಬರುತ್ತಾರೆ, ಕ್ಲಬ್ಬಿನ ಕಟ್ಟೆಗೆ ಕಾಣುವ ಮೊದಲ ಮೂರು ಕುಳಿಗಳಿಗೆ ಹೆಚ್ಚು ನೀರು ಕೊಡಿ ಎಂದು. ನಮ್ಮವರು ಹೊಸ ಅಳತೆ ಹೇಳಿ, ವಾಲ್ವುಗಳನ್ನು ನೋಡಲು ಸೈಕಲ್ ಹತ್ತಿ ಹೊರಟರು. ನಾನು ಅವಸರದಲ್ಲಿ ಮೂರು ಪಟ್ಟಿ ಕತ್ತರಿಸಿ ಬುತ್ತಿಯ ಜೊತೆ ಕಳಿಸಿದೆ. ಅವನ್ನು ಮಾಳಿ ಮೊಳೆ ಹೊಡೆದು ಕೂಡಿಸಿದ. ಬಲ್ಬು ಕಟ್ಟಿ ನೋಡಲು ಯಾರಿಗೂ ಪುರಸೊತ್ತಿರಲಿಲ್ಲ.

ಸಂಜೆ ನಾನೂ ಹೋದೆ, ಬೇಲಿಯ ಹೊರಗೆ ಬೇವಿನ ಗಿಡದ ಕೆಳಗೆ ನಿಂತೆ. ಒಳಗೆ ಬೆತ್ತದ ಕುರ್ಚಿಗಳಲ್ಲಿ ಸಾಹೇಬರು, ಅವರ ಹೆಂಡಂದಿರು. ಗಡಿಯಾರದ ಮುಳ್ಳು ಐದಕ್ಕೆ ಬಂದಿರಬೇಕು, ಮೊದಲ ಕುಳಿಯ ಸುತ್ತ ನೀರು ಛತ್ರಿಯ ಹಾಗೆ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಎರಡನೆಯ ಕುಳಿಯಲ್ಲಿ ನೀರು ಬರಬೇಕು, ಬಂತು, ಆದರೆ ಮೊದಲನೆಯದು ನಿಲ್ಲಲಿಲ್ಲ. ಎರಡೂ ಬಾಗಿ, ಕುಸಿದು, ಮೊಣಕಾಲೆತ್ತರಕ್ಕೂ ಏಳದೆ ಜೊಲ್ಲು ಸುರಿಸಿದವು. ಯಾರೋ ನಕ್ಕರು.

ನನಗೆ ನಿಂತಲ್ಲೇ ಗೊತ್ತಾಯಿತು. ಜಂಪರು ಹೊಲಿಯುವವಳು ಬಟ್ಟೆಯನ್ನು ಅಳತೆಗೆ ಸರಿಯಾಗಿ ಎಂದೂ ಕತ್ತರಿಸುವುದಿಲ್ಲ. ಹೊಲಿಗೆಗೆಂದು ಎರಡೂ ಕಡೆ ಅರ್ಧರ್ಧ ಬೆರಳು ಬಿಟ್ಟೇ ಕತ್ತರಿಸುವುದು. ಮೊದಲ ಪಟ್ಟಿಗಳನ್ನು ಕತ್ತರಿಸುವಾಗ ಪಕ್ಕದಲ್ಲಿ ಅವರಿದ್ದರು. ಆ ಬೆಳಿಗ್ಗೆ ಇದ್ದದ್ದು ನನ್ನ ಕೈಯ ಅಭ್ಯಾಸ ಮಾತ್ರ. ಹಿತ್ತಾಳೆಗೂ ಹೊಲಿಗೆಯ ಅಂಚು ಬಿಟ್ಟಿದ್ದೆ! ಒಂದು ಪಟ್ಟಿ ಮುಗಿಯುವ ಮೊದಲೇ ಇನ್ನೊಂದು ತಾಗುತ್ತಿತ್ತು.

ಪಂಪ್ ಮನೆಯ ಬಾಗಿಲು ತೆರೆದೇ ಇತ್ತು. ನಮ್ಮವರು ಮೇನ್ ಸ್ವಿಚ್ಚು ಆರಿಸಿ ಎಡಗೈಯಲ್ಲಿ ಪಟ್ಟಿ ಕೀಳಲು ನೋಡುತ್ತಿದ್ದರು. ಸ್ಕ್ರೂ ಡ್ರೈವರ್ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಎಲ್ಲಿ ತಪ್ಪಿತೆಂದು ತಿಳಿಯದೆ ಮಾಳಿ ಕೈ ಕಟ್ಟಿ ನಿಂತಿದ್ದ. ಕಟ್ಟೆಯ ಮೇಲಿನವರೆಲ್ಲ ನೋಡುತ್ತಿದ್ದರು. ನಾನು ಬೇಲಿಯ ಗೇಟು ತಳ್ಳಿ, ಸೆರಗು ಸಿಕ್ಕಿಸಿಕೊಂಡು, ಹುಲ್ಲಿನ ಮೇಲೆ ಚಪ್ಪಲಿ ಕಾಲಿನಲ್ಲೇ ನಡೆದು ಒಳಗೆ ಹೋದೆ. ಚೀಲದಲ್ಲಿ ಕತ್ತರಿ ಇದ್ದೇ ಇತ್ತು. ಮೊಳೆ ಎತ್ತಿ, ಹೆಚ್ಚಿಗೆ ಬಿಟ್ಟಿದ್ದ ಅಂಚನ್ನು ಕತ್ತರಿಸಿ, ಮತ್ತೆ ಹೊಡೆದೆ. ನಮ್ಮವರು ಸ್ವಿಚ್ಚು ಹಾಕಿದರು. ನೀರು ಎದ್ದಿತು, ನಿಂತಿತು, ಮುಂದಿನ ಕುಳಿಗೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ.

ಸಾಹೇಬರು ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಲಟ್ಟಣಿಗೆ ಕಂಡು ನಕ್ಕರು, ಅತಿಥಿಗಳನ್ನೂ ಕರೆದು ತೋರಿಸಿದರು. ನನ್ನ ಕೈಯಲ್ಲಿದ್ದ ಕತ್ತರಿ ನೋಡಿ, "ಅರೆ, ಅಸಲಿ ಮಿಸ್ತ್ರಿ ತೊ ಯೇ ಹೈ!" ಎಂದರು. ನಿಜವಾದ ಕೆಲಸಗಾರ ಇವಳೇ ಎಂದು. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು, ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡು.

ಮುಂದಿನ ವಾರ ಸಾಹೇಬರು ಕರೆಸಿದರು. ನಮ್ಮವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದರು. ಬಂದವರು ಅಂಗಿ ಬಿಚ್ಚದೆ ಹೊಸ್ತಿಲಲ್ಲೇ ಕೂತರು.

"ಏನಂದ್ರು?" ಎಂದೆ.

"ಮಶೀನ್ ಭಾಳ ಛಲೋ ಅದ ಅಂದ್ರು. ತಾನ ಚಾಲೂ ಆಗ್ತದ, ತಾನ ಬಂದ್ ಆಗ್ತದ. ಅದಕ್ಕ ಎಲೆಕ್ಟ್ರಿಷಿಯನ್ ಯಾಕ ಬೇಕು ಅಂದ್ರು."

"ಮತ್ತ ಸೆಕ್ಷನ್ ಮಾತು?"

"ಅಲ್ಲಿ ಎರಡೂ ಕೈ ಇದ್ದವರೇ ಬೇಕಂತ. ಪಂಪ್ ಮನ್ಯಾಗ ಕಾವಲಿಗೆ ಕೂಡು ಅಂದಾರ. ಮಾಳಿಗಿ ಕೆಲ್ಸ ಬಿಡಿಸ್ಯಾರ. ಅವನ ಖೋಲಿ ನಮಗಂತ."

ಸುದ್ದಿ ಕೇಳಿ ಭಾವನವರು ಮತ್ತೆ ಬಂದರು. ಹೆಂಗಸು ಹತ್ತು ಮಂದಿಯ ಎದುರು ಕತ್ತರಿ ಹಿಡಿದು ಹೋಗಬಾರದಿತ್ತು, ಅದರಿಂದಲೇ ತಮ್ಮನ ಮರ್ಯಾದೆಯೂ ಕೆಲಸವೂ ಹೋಯಿತು ಎಂದು ನನಗೆ ಕೇಳುವಂತೆ ಹೇಳಿದರು. ನಾನು ಒಲೆಯ ಮುಂದಿನಿಂದಲೇ, "ನೀರು ನಿಂತಿದ್ರ ಕೆಲ್ಸ ಕೊಡ್ತಿದ್ರೇನ್ರಿ? ನಡದ್ರೂ ಇಲ್ಲ, ನಡೀದಿದ್ರೂ ಇಲ್ಲ. ಕೊಡಾ ಮನಸ್ಸ ಇದ್ದಿಲ್ಲ ಅವರಿಗಿ" ಎಂದೆ. ಇವತ್ತಿಗೂ ನನ್ನ ಮಾತು ಅದೇ. ಎಷ್ಟೋ ಜನ ನನ್ನ ಮೇಲೆ ತಪ್ಪು ಹೊರಿಸಲು ನೋಡಿದರು, ನಾನು ಹೊರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಆ ಗಾದೆ ಮಾಡಿದವರು ಪ್ರೆಸ್ಸಿನ ಹತ್ತಿರ ಹೋದವರಲ್ಲ.

ಪಂಪ್ ಮನೆಯ ಖೋಲಿಗೆ ನಾವು ಹೋದಾಗ ಮಾಳಿಯ ಒಲೆಯ ಬೂದಿ ಇನ್ನೂ ಹಾಗೇ ಇತ್ತು. ಅವರು ಎಲ್ಲಿಗೆ ಹೋದರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ರಸ್ತೆಗೆ ಕಲ್ಲು ಒಡೆಯುವ ಬರಗಾಲದ ಕೆಲಸಕ್ಕೆ ಸೇರಿದರೆಂದು ಒಬ್ಬರು ಹೇಳಿದರು. ಸೊಂಟದ ನೋವಿನವನು ಕಲ್ಲು ಹೇಗೆ ಒಡೆದನೋ. ಅವನ ಕೊತ್ತಂಬರಿ ಸೊಂಪಾಗಿ ಬೆಳೆದಿತ್ತು. ಕೀಳಲು ನನಗೆ ಮನಸ್ಸು ಬರಲಿಲ್ಲ, ಹೂ ಬಿಟ್ಟು ಬೀಜಕ್ಕೆ ತಿರುಗಿ ಒಣಗಿಹೋಯಿತು.

ನಮ್ಮವರು ಮಾಳಿಯ ಸ್ಟೂಲಿನ ಮೇಲೆ ಕೂತು ಪೆಟ್ಟಿಗೆಯನ್ನು ನೋಡುತ್ತಿದ್ದರು. ಅದಕ್ಕೆ ಅವರಿಂದ ಏನೂ ಬೇಕಿರಲಿಲ್ಲ. ಮೊದಮೊದಲು ಒರೆಸುವುದು, ಎಣ್ಣೆ ಬಿಡುವುದು ಮಾಡಿದರು, ಆಮೇಲೆ ಅದನ್ನೂ ಬಿಟ್ಟರು. ಟೆಸ್ಟರನ್ನು ಗೋಡೆಯ ಗೂಡಿನಲ್ಲಿ ಇಟ್ಟರು. ಮಳೆ ಇಲ್ಲದ ಆ ವರ್ಷ ಕರೆಂಟು ಪದೇ ಪದೇ ಹೋಗುತ್ತಿತ್ತು, ಹೋದಾಗ ಗಡಿಯಾರವೂ ನಿಂತುಬಿಡುತ್ತಿತ್ತು. ಕರೆಂಟು ಬಂದ ಮೇಲೆ ತಮ್ಮ ವಾಚು ನೋಡಿ ಮುಳ್ಳನ್ನು ಸರಿಯಾದ ಹೊತ್ತಿಗೆ ತಿರುಗಿಸಬೇಕು. ಆ ಯಂತ್ರ ಮನುಷ್ಯನಿಂದ ಕೇಳುತ್ತಿದ್ದದ್ದು ಅದೊಂದೇ.

ಒಂದು ಮಧ್ಯಾಹ್ನ ಖೋಲಿಯಿಂದ ಬುತ್ತಿ ತೆಗೆದುಕೊಂಡು ಪಕ್ಕದ ಪಂಪ್ ಮನೆಗೆ ಹೋದಾಗ ಕರೆಂಟು ಆಗಷ್ಟೇ ಬಂದಿತ್ತು. ನಾನು ಬುತ್ತಿ ಕೆಳಗಿಟ್ಟು, ರೂಢಿಯಂತೆ, ಮುಳ್ಳು ತಿರುಗಿಸಲು ಪೆಟ್ಟಿಗೆಯ ಕಡೆ ಕೈ ಚಾಚಿದೆ. ಅವರು ಎದ್ದು ಅಡ್ಡ ಬಂದರು.

"ಬ್ಯಾಡ, ಬಿಡು" ಎಂದರು. "ಇದಕ್ಕ ಒಂದ್ ಕೈ ಸಾಕಾಗ್ತದ."

ಎಡಗೈಯ ಒಂದು ಬೆರಳಿನಿಂದ ಮುಳ್ಳನ್ನು ತಿರುಗಿಸಿ, ಮತ್ತೆ ಸ್ಟೂಲಿನ ಮೇಲೆ ಕೂತರು. ನಾನು ಬುತ್ತಿ ಬಿಚ್ಚಿದೆ.